ಲೇಡಿ ಡಾಕ್ಟರ್ ಬೇಕೆಂದವರು ಯಾರು?

ಊರಿನ ಡಾಕ್ಟರುಗಳೆಲ್ಲ ಕೈಚೆಲ್ಲಿದ ಮೇಲೆ ‘ಒಂದ್ಸಲ ವೆಲ್ಲೂರಿಗೆ ತೋರಿಸ್ಕೊಂಡು ಬಂದ್ಬಿಡಿ’ ಎನ್ನುವುದು ನಮ್ಮ ಕಡೆ ಹಳೆಯ ಮಾತು. ಆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹುಟ್ಟಿದ್ದರ ಹಿಂದೆ ಒಂದು ಪ್ರಸಿದ್ಧ ಕಥೆಯಿದೆ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಕಾಲ. ಮದ್ರಾಸ್ ಪ್ರಾಂತ್ಯದ ತಿಂಡಿವನಂನಲ್ಲಿ ಮಿಷನರಿ ವೈದ್ಯರೊಬ್ಬರ ಮಗಳು ಐಡಾ ಸ್ಕಡರ್ ಅಮೆರಿಕದಿಂದ ಬಂದು ಸ್ವಲ್ಪ ಕಾಲಕ್ಕೆಂದು ತಂದೆ ತಾಯಿಯ ಜೊತೆ ಇದ್ದಾರೆ. ಒಂದೇ ರಾತ್ರಿ, ಒಬ್ಬರ ಹಿಂದೊಬ್ಬರಂತೆ, ಮೂವರು ಗಂಡಸರು ಬಂಗಲೆಯ ಬಾಗಿಲಿಗೆ ಬರುತ್ತಾರೆ. ಮೂವರ ಮನೆಯಲ್ಲೂ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಐಡಾ ಬರಬೇಕು. ನನಗೆ ವೈದ್ಯ ಗೊತ್ತಿಲ್ಲ, ನಮ್ಮ ತಂದೆ ಡಾಕ್ಟರು, ಅವರು ಬರುತ್ತಾರೆ ಎಂದು ಐಡಾ ಹೇಳುತ್ತಾರೆ. ಪರಗಂಡಸು ನಮ್ಮ ಮನೆಯ ಹೆಂಗಸರನ್ನು ನೋಡುವ ಮಾತೇ ಇಲ್ಲ ಎಂದು ಮೂವರೂ ಹಿಂದಿರುಗುತ್ತಾರೆ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿರುತ್ತಾರೆ. ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ಡಾಕ್ಟರಾಗಿ, 1900ರಲ್ಲಿ ಮರಳಿ ಬಂದು ವೆಲ್ಲೂರಿನಲ್ಲಿ ಕೆಲಸ ಶುರುಮಾಡುತ್ತಾರೆ. 1918ರಲ್ಲಿ ಹೆಣ್ಣುಮಕ್ಕಳಿಗೆಂದೇ ವೈದ್ಯಕೀಯ ಶಾಲೆ ತೆರೆಯುತ್ತಾರೆ.

ಈ ಕಥೆಯನ್ನು ಎಲ್ಲಿ ಓದಿದರೂ ಅದರ ಕೊನೆಗೆ ಒಂದೇ ತೀರ್ಮಾನ ಕಾದಿರುತ್ತದೆ: ಭಾರತದ ಹೆಂಗಸರು ಗಂಡು ವೈದ್ಯನ ಕೈ ತಾಗಿಸಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು ಎಂದುಕೊಂಡಿದ್ದರು. ಆದರೆ ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಬೇಡ ಎಂದವರು ಯಾರು? ಬಾಗಿಲಲ್ಲಿ ನಿಂತಿದ್ದ ಮೂವರು ಗಂಡಸರು. ಒಳಮನೆಯಲ್ಲಿ ನೋವು ತಿನ್ನುತ್ತಿದ್ದ ಮೂವರು ಹೆಂಗಸರಲ್ಲಿ ಒಬ್ಬರ ಒಂದು ಮಾತೂ ಈ ಕಥೆಯಲ್ಲಿ ಇಲ್ಲ. ಅವರನ್ನು ಯಾರಾದರೂ ಕೇಳಿದರೇ ಎಂಬ ಸುಳಿವೂ ಇಲ್ಲ. ಇದು ಐಡಾ ಅವರ ಮೇಲಿನ ಆರೋಪವಲ್ಲ. ಅವರು ಆ ರಾತ್ರಿಗೆ ಕೊಟ್ಟ ಉತ್ತರ ಎಷ್ಟು ದೊಡ್ಡದೆಂದು ವೆಲ್ಲೂರಿಗೆ ಹೋಗಿ ಬಂದ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ತಕರಾರು ಇರುವುದು ಕಥೆಯನ್ನು ನಾವು ಓದಿಕೊಂಡು ಬಂದ ರೀತಿಯ ಬಗ್ಗೆ. ಗಂಡಂದಿರ ನಿರಾಕರಣೆಯನ್ನು ಹೆಂಡತಿಯರ ಆಯ್ಕೆ ಎಂದು ನೂರು ವರ್ಷದಿಂದ ಓದುತ್ತಿದ್ದೇವೆ.

ಕನ್ನಡದಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ಬಂದ ಬರವಣಿಗೆಯ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ನನ್ನ ವಿಷಯ ಕೇಳಿದವರಲ್ಲಿ ಹತ್ತಕ್ಕೆ ಎಂಟು ಜನ ಕೇಳುವ ಪ್ರಶ್ನೆ ಒಂದೇ: ‘ಹೆಂಗಸರು ಅಂಥ ಕಾಯಿಲೆಗಳಿಗೆ ಲೇಡಿ ಡಾಕ್ಟರನ್ನೇ ಇಷ್ಟಪಡ್ತಾರೆ ಅಲ್ವಾ?’ ಇತ್ತೀಚೆಗೆ ಇದಕ್ಕೆ ತಿರುಗುಮುರುಗಾದ ಇನ್ನೊಂದು ಮಾತೂ ಕೇಳಿಬರುತ್ತಿದೆ: ‘ಈಗಿನವರು ಹಾಗೇನೂ ಇಲ್ಲ ಬಿಡಿ, ಗಂಡು ಡಾಕ್ಟರೇ ಹೆಚ್ಚು ಮೃದು ಅಂತಾರೆ.’ ಎರಡೂ ಕಡೆಯವರಿಗೆ ಬೇಕಾಗಿರುವುದು ಒಂದು ಪದದ ಉತ್ತರ, ಗಂಡೋ ಹೆಣ್ಣೋ. ನಾನಿಲ್ಲಿ ಆ ಉತ್ತರ ಹುಡುಕುವ ಬದಲು ಪ್ರಶ್ನೆಯನ್ನೇ ಒಂದು ಪಠ್ಯದಂತೆ ಓದಲು ನೋಡುತ್ತೇನೆ. ಅದನ್ನು ಯಾರು ಕೇಳಿದರು, ಯಾರ ಪರವಾಗಿ ಯಾರು ಉತ್ತರಿಸಿದರು, ಉತ್ತರದಿಂದ ಯಾರಿಗೇನು ಸಿಕ್ಕಿತು?

ಮೊದಲಿಗೆ ಆನಂದಿಬಾಯಿ ಜೋಶಿ. ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಪದವಿ ಪಡೆದ ಈಕೆ ವೈದ್ಯ ಪದವಿ ಪಡೆದ ಭಾರತದ ಮೊದಲ ಹೆಂಗಸರಲ್ಲಿ ಒಬ್ಬರು. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಮಗು ಹತ್ತು ದಿನಕ್ಕೆ ತೀರಿಕೊಂಡಿತು. 1883ರಲ್ಲಿ ಸೆರಾಂಪುರದಲ್ಲಿ ಮಾಡಿದ ಭಾಷಣದಲ್ಲಿ ಅವರು ಭಾರತಕ್ಕೆ ಹಿಂದೂ ಮಹಿಳಾ ವೈದ್ಯರ ಅಗತ್ಯ ಎಷ್ಟಿದೆ ಎಂದು ವಾದಿಸಿದರು. ಕಾಲೇಜಿಗೆ ಬರೆದ ಅರ್ಜಿಯಲ್ಲೂ ಅದೇ ಮಾತಿದೆ: ನನ್ನ ದೇಶದ ಹೆಂಗಸರು ಗಂಡು ವೈದ್ಯನಿಂದ ನೆರವು ಪಡೆಯುವ ಬದಲು ಸಾವನ್ನೇ ಒಪ್ಪುತ್ತಾರೆ, ಅವರಿಗೆ ನೆರವಾಗಲು ನಾನು ಕಲಿಯಬೇಕು. ತಿಂಡಿವನಂನ ಕಥೆಯ ತೀರ್ಮಾನವೂ ಇದೇ. ಆದರೆ ಇಲ್ಲಿ ಮಾತಾಡುತ್ತಿರುವವಳು ಹೆಣ್ಣು, ಅದೂ ಮಗುವನ್ನು ಕಳೆದುಕೊಂಡವಳು. ಹಾಗಾಗಿ ಈ ಮಾತಿಗೆ ಬೇರೆಯದೇ ತೂಕವಿದೆ.

ಅಷ್ಟಾದರೂ ಅರ್ಜಿ ಎಂಬುದು ಅರ್ಜಿಯೇ. ಸಮುದ್ರ ದಾಟಿ ಓದಲು ಹೊರಟ ಹದಿನೆಂಟರ ಹುಡುಗಿ, ಹೊರಗಿನವರಿಗೆ ತನ್ನ ಅಗತ್ಯವನ್ನು ಮನಗಾಣಿಸಲು ಬರೆದದ್ದು ಅದು. ‘ನನಗೆ ವೈದ್ಯಶಾಸ್ತ್ರ ಕಲಿಯುವ ಆಸೆ’ ಎಂದಷ್ಟೇ ಬರೆದಿದ್ದರೆ ಬಾಗಿಲು ತೆರೆಯುತ್ತಿತ್ತೇ? ‘ನಮ್ಮ ಹೆಂಗಸರು ಸಾಯುತ್ತಿದ್ದಾರೆ, ಅವರನ್ನು ಹೆಣ್ಣೇ ಮುಟ್ಟಬೇಕು’ ಎಂದರೆ ತೆರೆಯುತ್ತದೆ. ತನ್ನ ಆಸೆಯನ್ನು ಸೇವೆಯ ಭಾಷೆಯಲ್ಲಿ ಹೇಳುವ ಈ ಜಾಣತನ ಹೆಣ್ಣುಮಕ್ಕಳಿಗೆ ಹೊಸದಲ್ಲ. ಪಿಎಚ್‌ಡಿ ಸಂದರ್ಶನಗಳಲ್ಲಿ ನಾವು ಇವತ್ತಿಗೂ ಅದನ್ನೇ ಮಾಡುತ್ತೇವೆ. ಡಾಕ್ಟರಾಗಿ ಮರಳಿದ ಆನಂದಿಬಾಯಿ 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಕೊಲ್ಲಾಪುರದ ಆಸ್ಪತ್ರೆಯಲ್ಲಿ ಅವರಿಗೆಂದು ಇಟ್ಟಿದ್ದ ಕೆಲಸಕ್ಕೆ ಸೇರಲಾಗಲೇ ಇಲ್ಲ.

ಇದೇ ಕಾಲದ ಇನ್ನೊಂದು ಕಥೆ ಪನ್ನಾ ಸಂಸ್ಥಾನದ ಮಹಾರಾಣಿಯದು. 1881ರಲ್ಲಿ ಆಕೆಗೆ ಚಿಕಿತ್ಸೆ ಮಾಡಿದ ಮಿಷನರಿ ಎಲಿಜಬೆತ್ ಬೀಲ್ಬಿ ಇಂಗ್ಲೆಂಡಿಗೆ ಹೊರಟಾಗ, ಕಾಯಿಲೆ ಬಿದ್ದ ಭಾರತದ ಹೆಂಗಸರ ಪಾಡನ್ನು ವಿಕ್ಟೋರಿಯಾ ರಾಣಿಗೆ ತಿಳಿಸಬೇಕೆಂದು ಮಹಾರಾಣಿ ಕೇಳಿಕೊಂಡರಂತೆ. ಸಣ್ಣ ಅಕ್ಷರದಲ್ಲಿ ಬರೆದ ಸಂದೇಶ ಲಾಕೆಟ್ಟಿನೊಳಗೆ ಕೂತು ಸಮುದ್ರ ದಾಟಿತು. 1885ರಲ್ಲಿ ವೈಸರಾಯನ ಪತ್ನಿ ಲೇಡಿ ಡಫರಿನ್ ಹೆಸರಿನಲ್ಲಿ ನಿಧಿಯೊಂದು ಹುಟ್ಟಿ, ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಕೀಯ ನೆರವು ಎಂಬ ವಿಚಾರ ಸರ್ಕಾರದ ಬೆಂಬಲ ಪಡೆಯಿತು. ಇತಿಹಾಸಕಾರ್ತಿ ಆಂಟೊನೆಟ್ ಬರ್ಟನ್ ಇದರ ಇನ್ನೊಂದು ಮುಖವನ್ನು ತೋರಿಸಿದ್ದಾರೆ. ಆಗಷ್ಟೇ ವೈದ್ಯಶಾಸ್ತ್ರ ಓದುತ್ತಿದ್ದ ಬ್ರಿಟಿಷ್ ಹೆಂಗಸರಿಗೆ ತಮ್ಮದೇ ದೇಶದಲ್ಲಿ ಗಂಡಸರ ವಿರೋಧ ಬಲವಾಗಿತ್ತು. ‘ಪರದೆಯೊಳಗಿನ ಭಾರತೀಯ ಹೆಣ್ಣು’ ಅವರಿಗೆ ವೃತ್ತಿಯ ಸಮರ್ಥನೆಯಾಗಿ ಒದಗಿಬಂದಳು.

ಇಲ್ಲೊಂದು ವಿಚಾರ ಮರೆಯಬಾರದು. ಪರದೆ ಎಲ್ಲ ಹೆಂಗಸರದ್ದೂ ಆಗಿರಲಿಲ್ಲ. ಗದ್ದೆಯಲ್ಲಿ ನಾಟಿ ಮಾಡುವ, ಸಂತೆಯಲ್ಲಿ ಸೊಪ್ಪು ಮಾರುವ ಹೆಣ್ಣಿಗೆ ಪರದೆ ಎಲ್ಲಿಂದ ಬರಬೇಕು? ಶ್ರೀಮಂತ, ಮೇಲ್ಜಾತಿ ಮನೆಗಳ ಮರ್ಯಾದೆಯ ಕಟ್ಟಳೆಯೊಂದು ‘ಭಾರತೀಯ ಹೆಣ್ಣಿನ ಸ್ವಭಾವ’ವೆಂದು ದಾಖಲಾಯಿತು. ಆ ಮರ್ಯಾದೆಯ ಬಣ್ಣವೂ ಬೇಗ ಬಯಲಾಯಿತು. ಕಲ್ಕತ್ತಾದಲ್ಲಿ ಕಾದಂಬಿನಿ ಗಂಗೂಲಿ ಡಾಕ್ಟರಾಗಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡತೊಡಗಿದಾಗ ಬಂಗಬಾಸಿ ಎಂಬ ಸಂಪ್ರದಾಯವಾದಿ ಪತ್ರಿಕೆ ಆಕೆಯನ್ನು ಸುತ್ತುಬಳಸಿ ಸೂಳೆ ಎಂದು ಕರೆಯಿತು. ಕಾದಂಬಿನಿ ಕೋರ್ಟಿಗೆ ಹೋಗಿ ಗೆದ್ದರು, ಸಂಪಾದಕ ಜೈಲಿಗೆ ಹೋದ. ನಮ್ಮ ಹೆಂಗಸರನ್ನು ಹೆಣ್ಣೇ ನೋಡಬೇಕು ಎಂದ ಸಮಾಜವೇ, ಹಾಗೆ ನೋಡಲು ಬಂದ ಹೆಣ್ಣನ್ನು ಹೀಗೆ ಕಂಡಿತು. ‘ಲೇಡಿ ಡಾಕ್ಟರ್ ಬೇಕು’ ಎಂಬ ಮಾತಿನಲ್ಲಿ ರೋಗಿಯ ನೆಮ್ಮದಿಗಿಂತ ಮನೆತನದ ಮಾನದ ಚಿಂತೆ ಎಷ್ಟಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಅದೆಲ್ಲ ಹಳೆಯದಾಯಿತು, ಈಗ ಹೆಂಗಸರನ್ನೇ ನೇರವಾಗಿ ಕೇಳುವ ಸಮೀಕ್ಷೆಗಳಿವೆಯಲ್ಲ ಎನ್ನಬಹುದು. ಇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ, ನಿಮಗೆ ಚಿಕಿತ್ಸೆ ಬೇಕಾದಾಗ ಏನೇನು ಅಡ್ಡಿಯಾಗುತ್ತದೆ ಎಂದು ಹೆಂಗಸರನ್ನು ಕೇಳುತ್ತಾರೆ. ಅದಕ್ಕೊಂದು ಪಟ್ಟಿಯಿದೆ. ಹೋಗಲು ಅನುಮತಿ ಪಡೆಯುವುದು, ದುಡ್ಡು ಹೊಂದಿಸುವುದು, ಆಸ್ಪತ್ರೆಯ ದೂರ, ಬಸ್ಸು ಗಾಡಿ ಹಿಡಿಯುವುದು, ಜೊತೆಗೆ ಬರುವವರು ಸಿಗುವುದು, ಅಲ್ಲಿ ಹೆಣ್ಣು ವೈದ್ಯರಾಗಲಿ ಸಿಬ್ಬಂದಿಯಾಗಲಿ ಇರಲಾರರೆಂಬ ಆತಂಕ, ಯಾರೂ ಇರಲಾರರೆಂಬ ಆತಂಕ, ಔಷಧಿ ಇರಲಾರದೆಂಬ ಆತಂಕ.

ಈ ಪಟ್ಟಿಯನ್ನು ನಾನು ಒಂದು ಕವಿತೆಯನ್ನು ಓದುವಷ್ಟು ಗಮನದಿಂದ ಓದಿದ್ದೇನೆ. ಹೆಣ್ಣು ವೈದ್ಯರಿಲ್ಲ ಎಂಬುದು ಇಲ್ಲಿ ಒಂಟಿಯಾಗಿಲ್ಲ. ಅದಕ್ಕೂ ಮೊದಲು ಅನುಮತಿ ಇದೆ, ದುಡ್ಡಿದೆ, ದಾರಿಯಿದೆ. ಗಂಡು ಡಾಕ್ಟರೋ ಹೆಣ್ಣು ಡಾಕ್ಟರೋ ಎಂಬ ಆಯ್ಕೆ ಎದುರಾಗುವ ಹೊತ್ತಿಗೆ ಎಷ್ಟೋ ಹೆಂಗಸರು ಇನ್ನೂ ಮನೆಯ ಹೊಸಿಲನ್ನೇ ದಾಟಿರುವುದಿಲ್ಲ. ಇನ್ನೊಂದು ಮುಖ್ಯ ಅಡ್ಡಿ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ: ಅಲ್ಲಿ ಬೈಯುತ್ತಾರೆಂಬ ಭಯ.

ಆ ಭಯ ನನಗೆ ಗೊತ್ತಾದದ್ದು ನನ್ನ ದೊಡ್ಡಮ್ಮನಿಂದ. ದೊಡ್ಡಮ್ಮನಿಗೆ ಗರ್ಭಕೋಶ ಜಾರಿತ್ತು. ನಾಲ್ಕು ಹೆರಿಗೆ, ಹೆರಿಗೆಯಾಗಿ ತಿಂಗಳು ತುಂಬುವ ಮುಂಚೆ ಮತ್ತೆ ತಲೆಯ ಮೇಲೆ ಹೊರೆ. ‘ಕೆಳಗೆ ಏನೋ ಬಂದಂಗಾಗತ್ತೆ’ ಎಂದು ಅಮ್ಮನ ಹತ್ತಿರ ಮಾತ್ರ ಹೇಳಿಕೊಂಡಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗ ಇದ್ದದ್ದು ಗಂಡು ಡಾಕ್ಟರು. ‘ಲೇಡಿ ಡಾಕ್ಟ್ರು ಬರ್ಲಿ, ತೋರಿಸ್ತೀನಿ’ ಎಂದು ವರ್ಷಗಳನ್ನೇ ನೂಕಿದರು. ಕೊನೆಗೂ ಲೇಡಿ ಡಾಕ್ಟರ್ ಬಂದರು. ದೊಡ್ಡಮ್ಮ ಆಗಲೂ ಹೋಗಲಿಲ್ಲ. ಯಾಕೆಂದು ಅಮ್ಮ ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: ‘ಇಷ್ಟು ವರ್ಷ ಏನ್ ಮಾಡ್ತಿದ್ದೆ ಅಂತ ಬೈತಾರೆ ಕಣೇ. ಬೈಸ್ಕೊಳ್ಳಾಕೆ ಅಷ್ಟ್ ದೂರ ಹೋಗ್ಬೇಕಾ?’ ನಾನು ಡಿಗ್ರಿಯಲ್ಲಿದ್ದಾಗ ಅಮ್ಮನೇ ಹಟ ಹಿಡಿದು ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು.

ಯಾವ ಸಮೀಕ್ಷೆ ದೊಡ್ಡಮ್ಮನನ್ನು ಕೇಳಿದ್ದರೂ ಅವರ ಉತ್ತರ ‘ಹೆಣ್ಣು ವೈದ್ಯರು’ ಎಂದೇ ಇರುತ್ತಿತ್ತು, ಅದು ಸುಳ್ಳೂ ಆಗಿರುತ್ತಿರಲಿಲ್ಲ. ಆದರೆ ಆ ಉತ್ತರ ಅವರ ನಿಜವಾದ ಅಂಜಿಕೆಯ ಮೇಲಿನ ಮುಸುಕಷ್ಟೇ. ‘ಗಂಡು ಡಾಕ್ಟರು, ನಾಚಿಕೆ’ ಎಂದರೆ ಊರು ಒಪ್ಪುತ್ತದೆ. ‘ನನಗೆ ಬೈಸಿಕೊಳ್ಳಲು ಇಷ್ಟವಿಲ್ಲ’ ಎಂದರೆ ಬಡವರ ಮನೆಯ ಹೆಂಗಸಿಗೆ ಇಷ್ಟು ಬಿಂಕವೇ ಎನ್ನುತ್ತದೆ. ಆಸ್ಪತ್ರೆಯಲ್ಲಿ ಮರ್ಯಾದೆ ಬೇಕು ಎಂದು ಹೇಳಲಾಗದವರು ಲೇಡಿ ಡಾಕ್ಟರ್ ಬೇಕು ಎಂದು ಹೇಳುತ್ತಾರೆ. ಮರ್ಯಾದೆ ಕೇಳಲು ನಮ್ಮ ಹೆಂಗಸರಿಗೆ ಉಳಿದಿರುವ ಒಂದೇ ಮರ್ಯಾದಸ್ಥ ದಾರಿ ಅದು.

ಹೆರಿಗೆ ವಾರ್ಡಿನ ಬೈಗುಳದ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ನೋವಿಗೆ ಕೂಗಿದವಳಿಗೆ ‘ಆಗ ಚೆನ್ನಾಗಿತ್ತಾ?’ ಎಂಬ ಅರ್ಥದ ಮಾತು ಕೇಳಿಸಿಕೊಂಡ ತಾಯಂದಿರು ಪ್ರತಿ ಮನೆಯಲ್ಲೂ ಒಬ್ಬರಾದರೂ ಸಿಕ್ಕಾರು. ಆ ಮಾತಾಡಿದವರಲ್ಲಿ ಹೆಚ್ಚಿನವರು ಹೆಂಗಸರೇ. ಅವರ ಮೇಲೂ ಕೆಲಸದ ಹೊರೆ ಇದೆ, ಒಂದು ಮಂಚಕ್ಕೆ ಇಬ್ಬರು ರೋಗಿಗಳಿರುತ್ತಾರೆ, ರಾತ್ರಿಪಾಳಿ ಮುಗಿಯುವುದಿಲ್ಲ. ಇದನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಹೊರೆ ಹೆಚ್ಚಾದಾಗ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬಹುದು, ಯಾರ ಮೇಲೆ ಆಗುವುದಿಲ್ಲ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. ಬೈಗುಳ ಬೀಳುವುದು ಸೀರೆ, ಮಾತು, ಜಾತಿ, ದುಡ್ಡು ನೋಡಿಕೊಂಡೇ. ಕೇಂದ್ರ ಆರೋಗ್ಯ ಇಲಾಖೆ 2017ರ ಕೊನೆಯಲ್ಲಿ ‘ಲಕ್ಷ್ಯ’ ಎಂಬ ಯೋಜನೆ ತಂದು, ಹೆರಿಗೆ ಕೋಣೆಯಲ್ಲಿ ಗೌರವದಿಂದ ನಡೆದುಕೊಳ್ಳುವುದನ್ನೂ ಗುಣಮಟ್ಟದ ಭಾಗವಾಗಿ ಸೇರಿಸಿತು. ಗೌರವವನ್ನು ಯೋಜನೆಯ ಕಾಗದದಲ್ಲಿ ಬರೆಯಬೇಕಾಗಿ ಬಂದಿತೆಂದರೆ ಅದು ತಾನಾಗಿ ಸಿಗುತ್ತಿರಲಿಲ್ಲ ಎಂದೇ ಅರ್ಥ.

ಓದಿದವರ ಸ್ಥಿತಿ ಬೇರೆಯೇನೂ ಅಲ್ಲ. ನಮ್ಮ ಹಾಸ್ಟೆಲಿನಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ಡಾಕ್ಟರುಗಳ ಹೆಸರು ದಾಟಿಸುತ್ತಾರೆ. ಮುಟ್ಟು ನಿಲ್ಲದೆ ಹೋಗುತ್ತಿರುವವಳು, ಪಿಸಿಓಡಿಯವಳು, ಬಿಳಿಸೆರಗಿನ ತೊಂದರೆಯವಳು, ಮಾತ್ರೆ ನುಂಗಿ ಹೆದರಿಕೊಂಡವಳು, ಎಲ್ಲರಿಗೂ ಕೊಡುವ ಶಿಫಾರಸಿನಲ್ಲಿ ಒಂದೇ ಗುಣ ಮುಖ್ಯ: ‘ಅವರ ಹತ್ರ ಹೋಗು, ಬೈಯಲ್ಲ.’ ಎಷ್ಟು ಓದಿದ್ದಾರೆ, ಎಷ್ಟು ಫೀಸು ಎಂಬುದೆಲ್ಲ ಆಮೇಲೆ. ಆ ‘ಬೈಯಲ್ಲ’ ಎಂಬ ಪಟ್ಟಿಯಲ್ಲಿ ಹೆಣ್ಣು ಹೆಸರುಗಳು ಹೆಚ್ಚು, ಎರಡು ಮೂರು ಗಂಡು ಹೆಸರುಗಳೂ ಇವೆ.

ಇಪ್ಪತ್ನಾಲ್ಕರಲ್ಲಿ ನನಗೆ ಇಪ್ಪತ್ತು ದಿನ ರಕ್ತ ಹೋಗಿ ಒಬ್ಬ ಲೇಡಿ ಡಾಕ್ಟರ ಕ್ಲಿನಿಕ್ಕಿಗೆ ಹೋಗಿದ್ದೆ. ಮುಂದಿನ ರೋಗಿ ಆಗಲೇ ಒಳಗೆ ಬಂದು ನನ್ನ ಹಿಂದೆ ನಿಂತಿದ್ದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ ‘ಮದುವೆ ಆಗಿದ್ಯಾ?’ ಇಲ್ಲ ಎಂದೆ. ಎರಡನೆಯದು ‘ಅಮ್ಮ ಬಂದಿಲ್ವಾ?’ ಅಲ್ಲಿಗೆ ಮಾತು ಮುಗಿದು ಚೀಟಿ ಶುರುವಾಯಿತು. ಈ ‘ಮದುವೆ ಆಗಿದ್ಯಾ’ ಎಂಬುದು ನಮ್ಮ ಸ್ತ್ರೀರೋಗ ಕ್ಲಿನಿಕ್ಕುಗಳ ಗುಪ್ತ ಲಿಪಿ. ಅವರಿಗೆ ತಿಳಿಯಬೇಕಾದದ್ದು ಹುಡುಗಿಗೆ ಲೈಂಗಿಕ ಸಂಪರ್ಕ ಇದೆಯೇ ಎಂದು. ಅದಕ್ಕೆ ತಕ್ಕಂತೆ ಪರೀಕ್ಷೆಯೂ ರೋಗದ ಅಂದಾಜೂ ಬದಲಾಗುತ್ತವೆ. ಆದರೆ ಪ್ರಶ್ನೆ ಬರುವುದು ಮದುವೆಯ ವೇಷದಲ್ಲಿ, ಹಾಗಾಗಿ ಉತ್ತರವೂ ವೇಷದಲ್ಲೇ ಹೋಗುತ್ತದೆ. ಸುಳ್ಳಿನ ಮೇಲೆ ಔಷಧಿ ಬರೆಯಲಾಗುತ್ತದೆ. ಡಾಕ್ಟರು ಹೆಣ್ಣಾಗಿದ್ದರಿಂದ ಇಲ್ಲಿ ಏನು ಅನುಕೂಲವಾಯಿತು? ಮೈ ಮುಟ್ಟುವ ಕೈಯ ಸಂಕೋಚ ತಪ್ಪಿತು, ನಡತೆ ಅಳೆಯುವ ಕಣ್ಣಿನ ಸಂಕೋಚ ಹಾಗೇ ಉಳಿಯಿತು.

ನನ್ನ ಸಂಶೋಧನೆಯ ಕೇಂದ್ರದಲ್ಲಿರುವ ಅನುಪಮಾ ನಿರಂಜನ ಅವರನ್ನು ನಾನು ಓದುವುದು ಈ ಬೆಳಕಿನಲ್ಲಿ. ಅವರು ವೈದ್ಯೆ, ಕಾದಂಬರಿಗಾರ್ತಿ. ಡಾಕ್ಟರ ಮುಂದೆ ಬಾಯಿಬಿಡಲಾಗದ ಕನ್ನಡದ ಹೆಂಗಸರಿಗೆ ಮುಟ್ಟು, ಬಸಿರು, ದಾಂಪತ್ಯದ ವಿಚಾರಗಳನ್ನು ತಿಳಿಕನ್ನಡದಲ್ಲಿ ಬರೆದುಕೊಟ್ಟವರು. ಅವರ ಪುಸ್ತಕಗಳು ಬೀರುವಿನ ಸೀರೆಗಳ ನಡುವೆ ಕೂತು ಓದಿಸಿಕೊಂಡಿವೆ. ಪುಸ್ತಕದ ರೂಪದಲ್ಲಿ ಮನೆಗೇ ಬಂದ ಲೇಡಿ ಡಾಕ್ಟರ್ ಅವರು. ಪುಸ್ತಕ ಬೈಯುವುದಿಲ್ಲ, ಅಮ್ಮ ಬಂದಿಲ್ವಾ ಎಂದು ಕೇಳುವುದಿಲ್ಲ, ಹಿಂದೆ ಮುಂದಿನ ರೋಗಿ ನಿಂತಿರುವುದಿಲ್ಲ. ಕನ್ನಡ ವಿಮರ್ಶೆ ಅವರ ಕಾದಂಬರಿಗಳನ್ನು ಚರ್ಚಿಸಿದಷ್ಟು ಈ ಪುಸ್ತಕಗಳನ್ನು ಚರ್ಚಿಸಿಲ್ಲ. ಇವು ಸಾಹಿತ್ಯವಲ್ಲ, ಮಾಹಿತಿ ಎಂದು ಪಕ್ಕಕ್ಕಿಟ್ಟಂತಿದೆ. ಹೆಂಗಸರ ಮೈಗೆ ಒಂದು ಸಾರ್ವಜನಿಕ ಕನ್ನಡ ಕಟ್ಟಿದ ಕೆಲಸ ಸಣ್ಣದೆಂದು ನನಗನ್ನಿಸುವುದಿಲ್ಲ.

ಆದರೆ ಆ ಪುಸ್ತಕಗಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ: ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’. ಕಿಶೋರಿ, ವಧು, ಹೆಂಡತಿ, ತಾಯಿ. ಈ ಮೆಟ್ಟಿಲುಗಳಲ್ಲಿ ಕಿಶೋರಿ ದಾಟಿ ವಧುವಾಗದೆ ಉಳಿದವಳು ಎಲ್ಲಿ ಕೂರಬೇಕು? ಅದು ಅನುಪಮಾ ಅವರ ಕೊರತೆಗಿಂತ ಅವರ ಕಾಲದ ಓದುಗರ ಲೋಕ ಇದ್ದ ರೀತಿ. ಆದರೆ ಇವತ್ತಿನ ಕ್ಲಿನಿಕ್ಕಿನ ‘ಮದುವೆ ಆಗಿದ್ಯಾ’ ಎಂಬ ಪ್ರಶ್ನೆ ಅದೇ ಮೆಟ್ಟಿಲುಗಳ ಮೇಲೆ ನಿಂತಿದೆ. ಕಾನೂನು ಆ ಮೆಟ್ಟಿಲು ದಾಟಿ ಮುಂದೆ ಬಂದಿದೆ. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಗರ್ಭಪಾತದ ಅವಕಾಶದಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಹದಿನೆಂಟು ತುಂಬಿದವಳಿಗೆ ಗರ್ಭಪಾತಕ್ಕೆ ಬೇಕಾದದ್ದು ಅವಳೊಬ್ಬಳ ಒಪ್ಪಿಗೆ. ಆದರೂ ಆಸ್ಪತ್ರೆಗಳಲ್ಲಿ ‘ಹಸ್ಬೆಂಡ್ ಎಲ್ಲಿ, ಸೈನ್ ಮಾಡಬೇಕು’ ಎಂಬ ಮಾತು ನಿಂತಿಲ್ಲ. ತಿಂಡಿವನಂನ ಬಾಗಿಲಲ್ಲಿ ನಿಂತಿದ್ದ ಗಂಡಸು ಈಗ ಅರ್ಜಿಯ ಕೊನೆಯ ಗೆರೆಯ ಮೇಲೆ ನಿಂತಿದ್ದಾನೆ.

ನಮ್ಮ ಸಿನಿಮಾ ಈ ವಿಷಯವನ್ನು ಹೇಗೆ ಕಂಡಿದೆ ಎಂದು ನೋಡಲು 2022ರ ಹಿಂದಿ ಚಿತ್ರ ‘ಡಾಕ್ಟರ್ ಜಿ’ ಒಳ್ಳೆಯ ಉದಾಹರಣೆ. ಅನುಭೂತಿ ಕಶ್ಯಪ್ ನಿರ್ದೇಶನ, ಆಯುಷ್ಮಾನ್ ಖುರಾನಾ ನಾಯಕ. ಮೂಳೆ ಡಾಕ್ಟರಾಗಬೇಕೆಂದಿದ್ದ ಭೋಪಾಲದ ಹುಡುಗ ಉದಯ್ ಗುಪ್ತಾನಿಗೆ ಸ್ತ್ರೀರೋಗ ವಿಭಾಗ ಸಿಗುತ್ತದೆ. ಅಲ್ಲಿ ಅವನೊಬ್ಬನೇ ಗಂಡು. ವಿಭಾಗದ ಮುಖ್ಯಸ್ಥೆಯಾಗಿ ಶೆಫಾಲಿ ಶಾ ಅವನಿಗೆ ಕೊಡುವ ಪಾಠವೆಂದರೆ ‘ಮೇಲ್ ಟಚ್’ ಬಿಡಬೇಕು ಎನ್ನುವುದು. ಈ ಒಂದು ಮಾತಿಗಾಗಿ ಚಿತ್ರವನ್ನು ಮೆಚ್ಚಬೇಕು. ಪ್ರಶ್ನೆ ಇರುವುದು ಗಂಡಸಿನ ಕೈಯಲ್ಲಲ್ಲ, ಆ ಕೈ ಕಲಿತು ಬಂದ ಗತ್ತಿನಲ್ಲಿ ಎಂದು ಅದು ಗುರುತಿಸುತ್ತದೆ. ಕಲಿತದ್ದನ್ನು ಬಿಡಬಹುದು ಎಂಬ ಭರವಸೆಯೂ ಅದರಲ್ಲಿದೆ.

ಅಷ್ಟು ಗುರುತಿಸಿದ ಚಿತ್ರ ಅದನ್ನು ಕೊನೆಯವರೆಗೆ ಒಯ್ಯುವುದಿಲ್ಲ. ಗಂಡು ಡಾಕ್ಟರನ್ನು ಕಂಡು ಗಾಬರಿಯಾಗುವ ಹೆಂಗಸರು ಚಿತ್ರದ ಮೊದಲರ್ಧದಲ್ಲಿ ನಗೆಯ ಸರಕು. ಅವರ ಸಂಕೋಚ ನಾಯಕ ಬೆಳೆಯಲು ದಾಟಬೇಕಾದ ಅಡ್ಡಿ. ಅವರಿಗೆ ಏನಾಗಿತ್ತು, ಯಾಕೆ ಹೆದರಿದರು, ಹಿಂದೆ ಯಾವ ಕೋಣೆಯಲ್ಲಿ ಏನು ನಡೆದಿತ್ತು ಎಂದು ಕ್ಯಾಮೆರಾ ನಿಂತು ಕೇಳುವುದಿಲ್ಲ. ‘ಮೇಲ್ ಟಚ್’ ಎಂಬ ಹೆಸರೂ ಪೂರ್ತಿ ನಿಜವಲ್ಲ. ಹೇಳದೆ ಕೇಳದೆ ಮುಟ್ಟುವ ಆ ಗತ್ತನ್ನು ವೈದ್ಯಕೀಯ ಶಿಕ್ಷಣ ಹೆಣ್ಣುಮಕ್ಕಳಿಗೂ ಕಲಿಸುತ್ತದೆ. ಅತ್ಯಾಚಾರದ ಸಂತ್ರಸ್ತರ ಮೇಲೆ ನಡೆಯುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಯನ್ನು ನೆನೆಯಿರಿ. ಅದು ಖಾಸಗಿತನಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿತು, 2022ರಲ್ಲಿ ಮತ್ತೆ ಕಟುವಾಗಿ ಹೇಳಬೇಕಾಯಿತು. ಆ ಪರೀಕ್ಷೆಯನ್ನು ಗಂಡು ವೈದ್ಯರಂತೆ ಹೆಣ್ಣು ವೈದ್ಯರೂ ಮಾಡಿದ್ದಾರೆ. ಬೆರಳು ಹೆಣ್ಣಿನದಾದ ಮಾತ್ರಕ್ಕೆ ಪರೀಕ್ಷೆಯ ಹಿಂದಿದ್ದ ಅನುಮಾನ ಬದಲಾಗಲಿಲ್ಲ.

ಇಷ್ಟು ಓದಿದವರು ನನ್ನ ವಾದ ‘ಗಂಡಾದರೇನು ಹೆಣ್ಣಾದರೇನು, ಒಳ್ಳೆಯ ಡಾಕ್ಟರಾದರೆ ಸಾಕು’ ಎಂಬಲ್ಲಿಗೆ ಬಂತು ಎಂದುಕೊಳ್ಳಬಹುದು. ಹಾಗೆ ಮುಗಿಸುವುದು ಸುಲಭ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ನನ್ನ ಗೆಳತಿಯೊಬ್ಬಳು ಯಾವ ಕಾರಣಕ್ಕೂ ಗಂಡು ಡಾಕ್ಟರ ಹತ್ತಿರ ಹೋಗುವುದಿಲ್ಲ. ಹದಿನೇಳರಲ್ಲಿ ಹೊಟ್ಟೆನೋವೆಂದು ಹೋದಾಗ ಒಬ್ಬ ಡಾಕ್ಟರು ಪರೀಕ್ಷೆಯ ಹೆಸರಿನಲ್ಲಿ ಮಾಡಿದ್ದು ಪರೀಕ್ಷೆಯಲ್ಲ ಎಂದು ಅವಳಿಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ. ಅವಳ ಆಯ್ಕೆಯನ್ನು ಹಳೆಯ ಕಾಲದ ಸಂಕೋಚ, ಪಿತೃಪ್ರಧಾನ ಸಂಸ್ಕಾರ ಎಂದು ಸೆಮಿನಾರಿನಲ್ಲಿ ಯಾರಾದರೂ ವಿವರಿಸಿದರೆ ನನಗೆ ಕೋಪ ಬರುತ್ತದೆ. ಅದು ಅವಳ ಮೈ ಕಲಿತ ಪಾಠ. ಹಾಗೆ ನೋಡಿದರೆ ಬರೀ ನಾಚಿಕೆಯಿಂದ ಬಂದ ಆಯ್ಕೆಗೂ ಸಮರ್ಥನೆ ಕೇಳುವ ಹಕ್ಕು ಯಾರಿಗಿದೆ? ಬಟ್ಟೆ ಸರಿಸಿ ಮಲಗಬೇಕಾದವಳು ಅವಳು. ಯಾರ ಮುಂದೆ ಎಂದು ಹೇಳುವವಳೂ ಅವಳೇ ಆಗಬೇಕು.

ಕಾನೂನು ಇದನ್ನು ಅಲ್ಲಲ್ಲಿ ಒಪ್ಪಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಸಂತ್ರಸ್ತೆ ಹೆಣ್ಣುಮಗುವಾದರೆ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಲೈಂಗಿಕ ಹಿಂಸೆಗೆ ಒಳಗಾದವರ ಪರೀಕ್ಷೆಗೆಂದು ಆರೋಗ್ಯ ಇಲಾಖೆ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮಹಿಳಾ ವೈದ್ಯರು ಸಿಗದಿದ್ದರೆ ಗಂಡು ವೈದ್ಯರು ಇನ್ನೊಬ್ಬ ಹೆಂಗಸಿನ ಎದುರಿನಲ್ಲಿ ಮಾಡಬೇಕೆಂದಿದೆ. ದೌರ್ಜನ್ಯ ನಡೆದ ಮೇಲೆ ಕೊಡುವ ಈ ಕಾಳಜಿಯನ್ನು ಬಿಳಿಸೆರಗಿಗ�ೋ ಗರ್ಭಕೋಶದ ನೋವಿಗೋ ಬಂದ ಸಾಮಾನ್ಯ ಹೆಂಗಸಿಗೂ ಕೊಡಲು ಅಡ್ಡಿಯೇನು? ಒಬ್ಬ ಸಿಸ್ಟರ್ ಪಕ್ಕದಲ್ಲಿ ನಿಲ್ಲಲು, ಒಂದು ಪರದೆ ಎಳೆಯಲು, ‘ಈಗ ಮುಟ್ಟುತ್ತೇನೆ, ನೋವಾದರೆ ಹೇಳಿ, ನಿಲ್ಲಿಸುತ್ತೇನೆ’ ಎನ್ನಲು ದೊಡ್ಡ ಬಜೆಟ್ಟು ಬೇಕಿಲ್ಲ.

ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದನ್ನು ಬರೆದವು. ಆ ಸಂಖ್ಯೆಗೆ ಬೆರಗಾಗುವಾಗ ನಾವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಅಷ್ಟು ಹೆಂಗಸರು ಅವರನ್ನೇ ಏಕೆ ಕರೆದರು? ಬೇರೆ ಗತಿಯಿಲ್ಲದೆ ಕರೆದವರು ಇದ್ದಾರು. ಆದರೆ ಮಾತು ಗೊತ್ತಿದ್ದ, ಮನೆ ಗೊತ್ತಿದ್ದ, ನೋವಿನ ಹೊತ್ತಿನಲ್ಲಿ ಬಿಟ್ಟುಹೋಗದ ಒಬ್ಬ ಹೆಂಗಸು ಎಂದು ಕರೆದವರೂ ಇರಲೇಬೇಕು. ಸೂಲಗಿತ್ತಿಯ ಕಾಲಕ್ಕೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ರಕ್ತ ನಿಲ್ಲದಿದ್ದರೆ ಬೇಕಾಗುವುದು ಆಸ್ಪತ್ರೆಯೇ. ಆದರೆ ಮನೆಯಿಂದ ಆಸ್ಪತ್ರೆಗೆ ಹೆರಿಗೆಯನ್ನು ಸಾಗಿಸುವಾಗ ಆ ಜೊತೆಗಾರಿಕೆಯನ್ನು ಹೊಸಿಲಲ್ಲೇ ಬಿಟ್ಟು ಬಂದೆವು.

ಹಾಗಾಗಿ, ಲೇಡಿ ಡಾಕ್ಟರ್ ಬೇಕೇ ಎಂದು ನನ್ನನ್ನು ಕೇಳುವವರಿಗೆ ನನ್ನ ಉತ್ತರ: ಬೇಕು. ಕೇಳಿದ ಪ್ರತಿಯೊಬ್ಬಳಿಗೂ, ಕಾರಣ ಕೇಳದೆ, ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗಬೇಕು. ಆದರೆ ಅಷ್ಟಕ್ಕೇ ಕೆಲಸ ಮುಗಿಯಿತೆಂದು ಯಾರೂ ಎದ್ದು ಹೋಗಬಾರದು. ಬಾಗಿಲಲ್ಲಿ ನಿಂತವರನ್ನಲ್ಲ, ಒಳಗೆ ಮಲಗಿರುವವಳನ್ನು ಕೇಳಬೇಕು. ಕೇಳುವಾಗ ಗಂಡೋ ಹೆಣ್ಣೋ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ಹೋದ ಸಲ ಬಂದಾಗ ನಿನ್ನ ಜೊತೆ ಹೇಗೆ ಮಾತಾಡಿದರು ಎಂದೂ ಕೇಳಬೇಕು. ನಮ್ಮ ಹಾಸ್ಟೆಲಿನ ಹುಡುಗಿಯರಾಗಲಿ ನನ್ನ ದೊಡ್ಡಮ್ಮನಾಗಲಿ ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಕೂತಿದ್ದಾರೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ ಅಷ್ಟೆ.